ಬಚ್ಚಲಿಗೆ ಬೇಕಾದ್ದು ಸೋಪು, ಸೂತಕವಲ್ಲ

(ಲಕ್ಕವಳ್ಳಿಯಲ್ಲಿ ಶ್ರಾವಣ ಮಾಸದ ಶರಣ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಆಡಿದ ಮಾತುಗಳ ಬರಹರೂಪ)





ಸಂಘಟಕರು ನನಗೆ ಕೊಟ್ಟ ವಿಷಯ ‘ಶುದ್ಧಿ’. ಅಂತರಂಗ ಶುದ್ಧಿಯ ಬಗ್ಗೆ ಮಾತಾಡುವುದಕ್ಕೆ ನನಗಿಂತ ತಿಳಿದವರು ಈ ವೇದಿಕೆಯ ಮೇಲೇ ಇದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ನಾನು ಮಾಡಿದ ಕಾಯಕ ಬಹಿರಂಗದ್ದು. ಬಾಣಂತಿಯರ ಮನೆಗೆ ಹೋಗುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಭೇದಿಯಾದವರಿಗೆ ಓಆರ್‌ಎಸ್ ಕೊಡುವುದು. ಹಾಗಾಗಿ ಇವತ್ತು ನಾನು ಬಚ್ಚಲಿನ ಬಗ್ಗೆ, ಕಕ್ಕಸಿನ ಬಗ್ಗೆ ಮಾತಾಡುತ್ತೇನೆ. ಈಗ ತಾನೇ ಪ್ರಸಾದ ಆಗಿದೆ, ಇಂಥ ಮಾತು ಯಾಕೆ ಎಂದು ಯಾರೂ ಮುಖ ಸಿಂಡರಿಸಬೇಡಿ. ಪ್ರಸಾದಕ್ಕೂ ಬಚ್ಚಲಿಗೂ ಸಂಬಂಧ ಇದೆ. ಆ ಸಂಬಂಧ ನಮ್ಮ ಕೈ.

ಒಂದು ಘಟನೆಯಿಂದ ಶುರು ಮಾಡುತ್ತೇನೆ. ಊರು ಹೇಳುವುದಿಲ್ಲ, ಅದು ನಮ್ಮವರದ್ದೇ ಒಂದು ಸಮುದಾಯ ಭವನ. ಮೂರು ದಿನದ ಶಿಬಿರ, ನೂರಕ್ಕೂ ಹೆಚ್ಚು ಜನ, ನಾಲ್ಕು ಕಕ್ಕಸು, ಎರಡು ಬಚ್ಚಲು. ಬೆಳಿಗ್ಗೆ ಐದಕ್ಕೇ ಬಕೆಟ್ ಹಿಡಿದು ಸಾಲು. ಇಷ್ಟಲಿಂಗ ಪೂಜೆಗೆ ಎಲ್ಲರೂ ಸ್ನಾನ ಮುಗಿಸಬೇಕಲ್ಲ. ಮೊದಲನೇ ದಿನ ಮಧ್ಯಾಹ್ನದ ಹೊತ್ತಿಗೆ ಒಂದು ಕಕ್ಕಸಿಗೆ ಬೀಗ ಬಿತ್ತು. ಕೇಳಿದರೆ, ‘ಎಲ್ಲರೂ ಹೋಗೋ ಕಡೆ ಕ್ರಿಮಿ ಜಾಸ್ತಿ ಕಣಕ್ಕ, ದೊಡ್ಡವರಿಗೆ ಒಂದು ಬೇರೆ ಇರಲಿ’ ಅಂದರು. ಬೀಗದ ಕೈ ನಾಲ್ಕೈದು ಜನರ ಜೇಬಿನಲ್ಲಿ ಓಡಾಡಿತು. ನಾಲ್ಕನ್ನೂ ತೊಳೆಯುತ್ತಿದ್ದ ಹೆಣ್ಣುಮಗಳು ಒಬ್ಬಳಿದ್ದಳು. ‘ನಾನು ಎಲ್ಲಿಗೆ ಹೋಗಲಿ ಅಕ್ಕಾ’ ಎಂದು ಆಕೆ ಕೇಳಿದಾಗ ಸಿಕ್ಕ ಉತ್ತರ, ‘ಹಿತ್ತಲ ಕಡೆ ತೋಟ ಇದೆಯಲ್ಲ’ ಅಂತ. ಬೀಗ ಹಾಕಿದ್ದ ಆ ಕಕ್ಕಸನ್ನು ತೊಳೆಯುತ್ತಿದ್ದವಳೂ ಅವಳೇ.

ಮೂರನೇ ದಿನ ಇಪ್ಪತ್ತು ಇಪ್ಪತ್ತೈದು ಜನಕ್ಕೆ ಭೇದಿ ಶುರುವಾಯಿತು. ಬೀಗದ ಕೈ ಇದ್ದವರಿಗೂ ಬಂತು. ಯಾವ ಪರೀಕ್ಷೆಯೂ ಆಗಲಿಲ್ಲವಾದ್ದರಿಂದ ಇಂಥದ್ದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಎರಡು ಮಾತು ಖಂಡಿತ ಹೇಳಬಲ್ಲೆ. ಕಕ್ಕಸಿನ ಹೊರಗಿನ ನಲ್ಲಿಯ ಹತ್ತಿರ ಮೂರು ದಿನವೂ ಸೋಪು ಇರಲಿಲ್ಲ. ಊಟದ ಮನೆಯ ಬಾಗಿಲಲ್ಲಿ ಕೈ ಒರೆಸುವುದಕ್ಕೆ ನೇತುಹಾಕಿದ್ದ ಒಂದೇ ಟವೆಲನ್ನು ಬಡಿಸುವವರೂ ಉಣ್ಣುವವರೂ ಬಳಸುತ್ತಿದ್ದರು. ಬೀಗಕ್ಕೆ ಇನ್ನೂರು ರೂಪಾಯಿ ಖರ್ಚಾಗಿತ್ತು. ಸೋಪಿಗೆ ಒಂದು ರೂಪಾಯಿಯೂ ಆಗಿರಲಿಲ್ಲ.

ಶರಣ ಬಂಧುಗಳೇ, ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ. ಕ್ರಿಮಿಗೆ ನಾವು ನಿಜವಾಗಿ ಹೆದರುತ್ತೇವಾ? ಅಥವಾ ಬೇರೆ ಏನಕ್ಕೋ ಹೆದರಿ, ಅದಕ್ಕೆ ಕ್ರಿಮಿ ಎಂದು ಹೆಸರಿಡುತ್ತೇವಾ?

ಮೊದಲು ಕ್ರಿಮಿಯ ವಿಷಯ ತಿಳಿದುಕೊಳ್ಳೋಣ. ಹತ್ತಾರು ಜನ ಬಳಸುವ ಕಕ್ಕಸಿನಲ್ಲಿ ನಮಗೆ ಭಯ ಇರುವುದು ಕೂರುವ ಜಾಗದ ಮೇಲೆ. ಆದರೆ ಚರ್ಮ ಗಟ್ಟಿ ಕೋಟೆ. ಗಾಯವಿಲ್ಲದ ಚರ್ಮ ಸೀಟಿಗೆ ತಾಕಿದ ಮಾತ್ರಕ್ಕೆ ರೋಗ ಬರುವುದು ಬಹಳ ಅಪರೂಪ. ಎಚ್‌ಐವಿ ಕಕ್ಕಸಿನಿಂದ ಹರಡುವುದಿಲ್ಲ. ನಿಜವಾದ ದಾರಿ ಬೇರೆ. ಮಲದಲ್ಲಿರುವ ಕ್ರಿಮಿ ಕೈಗೆ ಬರುತ್ತದೆ, ಕೈಯಿಂದ ನಲ್ಲಿಯ ತಿರುಪಿಗೆ, ಚಿಲಕಕ್ಕೆ, ಮಗ್ಗಿನ ಹಿಡಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬರ ಕೈಗೆ, ಆ ಕೈಯಿಂದ ಬಾಯಿಗೆ. ಭೇದಿ, ಆಮಶಂಕೆ, ಟೈಫಾಯ್ಡ್, ಒಂದು ಬಗೆಯ ಕಾಮಾಲೆ, ಇವೆಲ್ಲ ನಡೆಯುವುದು ಈ ದಾರಿಯಲ್ಲಿ. ಕೆಲವು ಕುಡಿಯುವ ನೀರಿನ ಮೂಲಕವೂ ಬರುತ್ತವೆ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ತೊಳೆಯುವ ರೂಢಿ ಇದ್ದ ಕಡೆ ಭೇದಿ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಬರೀ ನೀರಿನಲ್ಲಿ ಕೈ ನೆನೆಸಿಕೊಂಡರೆ ಅಷ್ಟು ಪ್ರಯೋಜನ ಸಿಗುವುದಿಲ್ಲ. ಸ್ಯಾನಿಟೈಸರ್ ಕೂಡ ವಾಂತಿ ಭೇದಿ ತರುವ ಕೆಲವು ವೈರಸ್ಸಿಗೆ ಸರಿಯಾಗಿ ಬಗ್ಗುವುದಿಲ್ಲ. ಅಲ್ಲಿ ಸೋಪು ನೀರೇ ಮೇಲು.

ಇನ್ನು ಬಚ್ಚಲಿನ ಒದ್ದೆ ನೆಲ. ಕಾಲಿನ ಬೆರಳ ಸಂದಿಯಲ್ಲಿ ಆಗುವ ಕೆರೆತ, ಮೈಮೇಲೆ ಚಕ್ರದ ಹಾಗೆ ಏಳುವ ಹುಳುಕಡ್ಡಿ, ಇವು ಶಿಲೀಂಧ್ರದಿಂದ ಬರುವಂಥವು. ಒದ್ದೆ ನೆಲ, ಒಬ್ಬರ ಟವೆಲನ್ನು ಇನ್ನೊಬ್ಬರು ಒರೆಸಿಕೊಳ್ಳುವುದು, ಒಣಗದ ಒಳಬಟ್ಟೆ, ಇವು ಅದಕ್ಕೆ ಅನುಕೂಲ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಸೆರಗಿನಲ್ಲಿ ಬಟ್ಟೆ ಒಣಗುವುದೇ ಕಷ್ಟ. ಹಾಸ್ಟೆಲಿನ ಮಕ್ಕಳೇ, ನಿಮಗೆ ಹೇಳುತ್ತಿದ್ದೇನೆ. ಗೆಳೆಯನ ಜೊತೆ ಬುತ್ತಿ ಹಂಚಿಕೊಳ್ಳಿ, ಟವೆಲ್ ಬೇಡ.

ಆ ಹೆಣ್ಣುಮಗಳಿಗೆ ತೋಟ ತೋರಿಸಿದರಲ್ಲ, ಅದರ ಫಲ ಏನು ಗೊತ್ತಾ? ಕೊಕ್ಕೆಹುಳು. ಬಯಲಲ್ಲಿ ಬಿದ್ದ ಮಲದಲ್ಲಿ ಅದರ ಮೊಟ್ಟೆ ಇರುತ್ತದೆ. ತೇವ, ನೆರಳು, ಬೆಚ್ಚಗಿನ ಮಣ್ಣು ಸಿಕ್ಕರೆ ಮರಿಯಾಗಿ, ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅಡಿಕೆ ತೋಟ, ಕಾಫಿ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ರಕ್ತ ಇಲ್ಲದೆ ಬಿಳಿಚಿಕೊಂಡ ಬಸುರಿ ಹೆಂಗಸರನ್ನು ಇಡೀ ಕೆಲಸದುದ್ದಕ್ಕೂ ನೋಡಿದ್ದೇನೆ. ವರ್ಷಕ್ಕೆ ಎರಡು ಸಲ, ಫೆಬ್ರವರಿ 10 ಮತ್ತು ಆಗಸ್ಟ್ 10ರ ಹೊತ್ತಿಗೆ, ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುವುದು ಇದಕ್ಕೇ. ಒಬ್ಬರನ್ನು ಕಕ್ಕಸಿನಿಂದ ಹೊರಗಿಟ್ಟರೆ ಕ್ರಿಮಿ ಹೊರಗೆ ಉಳಿಯುವುದಿಲ್ಲ. ಅದು ತೋಟಕ್ಕೆ ಬರುತ್ತದೆ. ಮಾರನೆಯ ವಾರ ಆ ತೋಟದಲ್ಲಿ ಬರಿಗಾಲಲ್ಲಿ ಓಡುವುದು ನಮ್ಮ ಮೊಮ್ಮಗು.

ಕೈಯ ಕಥೆ ಹೊಸದಲ್ಲ. 1847ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಸೆಮೆಲ್ವೈಸ್ ಎಂಬ ಡಾಕ್ಟರು ಒಂದು ಸಂಗತಿ ಗಮನಿಸಿದರು. ಸೂಲಗಿತ್ತಿಯರು ನೋಡಿಕೊಳ್ಳುವ ಹೆರಿಗೆ ವಾರ್ಡಿನಲ್ಲಿ ಬಾಣಂತಿಯರ ಸಾವು ಕಡಿಮೆ. ಡಾಕ್ಟರುಗಳು, ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುವ ವಾರ್ಡಿನಲ್ಲಿ ಬಹಳ ಹೆಚ್ಚು. ಯಾಕೆಂದರೆ ಡಾಕ್ಟರುಗಳು ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದು ಬರಬೇಕು ಎಂದು ಅವರು ನಿಯಮ ಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು, ಜೂನಿನ ಹೊತ್ತಿಗೆ ಸುಮಾರು ಎರಡಕ್ಕೆ ಇಳಿಯಿತು. ಆದರೂ ಅನೇಕ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ನಮ್ಮಂಥ ಮರ್ಯಾದಸ್ಥರ ಕೈ ಕೊಳಕಾಗುವುದುಂಟೇ ಎಂಬ ಬಿಂಕ. ಬೀಗ ಹಾಕಿದವರ ಮನಸ್ಸಿನಲ್ಲೂ ಇದ್ದದ್ದು ಇದೇ. ಕೊಳಕು ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ, ನನ್ನ ಕೈಯಲ್ಲಿ ಇರುವುದಿಲ್ಲ.

ಈಗ ಶರಣರ ಮಾತಿಗೆ ಬರುತ್ತೇನೆ. ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನ, ಜಾತಿ, ಮರಣ, ರಜಸ್ಸು, ಎಂಜಲು, ಈ ಐದರ ಹೆಸರಿನಲ್ಲಿ ಯಾರನ್ನೂ ದೂರ ಇಡಬಾರದು ಎಂದರು. ಆ ಶಿಬಿರದಲ್ಲೇ ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು: ‘ಅಲ್ಲಮ್ಮಾ, ಲಿಂಗವಂತರಿಗೆ ಎಂಜಲ ಸೂತಕವೇ ಇಲ್ಲ ಅಂದಮೇಲೆ ನಿನ್ನ ಸೋಪು ಯಾಕೆ?’ ಒಳ್ಳೆಯ ಪ್ರಶ್ನೆ. ಅವತ್ತು ನನಗೆ ಸರಿಯಾಗಿ ಉತ್ತರ ಹೊಳೆಯಲಿಲ್ಲ. ಇವತ್ತು ಹೇಳುತ್ತೇನೆ.

ಸೂತಕ ಎನ್ನುವುದು ಮನುಷ್ಯರ ಮೇಲೆ ಕೊಡುವ ತೀರ್ಪು. ಇವರು ಹುಟ್ಟಿನಿಂದ ಹೀಗೆ, ಇವಳು ಈ ಮೂರು ದಿನ ಹೀಗೆ ಎಂದು ಅದು ಹೇಳುತ್ತದೆ. ಎಷ್ಟು ತೊಳೆದರೂ ಹೋಗದು. ಕ್ರಿಮಿ ಹಾಗಲ್ಲ. ಅದು ಕೈಯ ಮೇಲೆ, ನಲ್ಲಿಯ ಮೇಲೆ, ನೆಲದ ಮೇಲೆ ಇರುವ ವಸ್ತು. ನಿಮ್ಮ ಕೈಯಲ್ಲೂ ಇರುತ್ತದೆ, ನನ್ನ ಕೈಯಲ್ಲೂ ಇರುತ್ತದೆ. ತೊಳೆದರೆ ಹೋಗುತ್ತದೆ. ಆದ್ದರಿಂದ ಯಾವುದಾದರೂ ನಿಯಮ ಮಾಡುವಾಗ ನಮ್ಮನ್ನು ನಾವು ಮೂರು ಮಾತು ಕೇಳಿಕೊಳ್ಳೋಣ. ಈ ನಿಯಮ ಎಲ್ಲರಿಗೂ ಒಂದೇನಾ? ನನಗೂ ಅನ್ವಯಿಸುತ್ತದಾ? ತೊಳೆದ ಮೇಲೆ ಮುಗಿಯುತ್ತದಾ? ಮೂರಕ್ಕೂ ಹೌದು ಅಂದರೆ ಅದು ಶುಚಿ. ಒಂದಕ್ಕೆ ಅಲ್ಲ ಅಂದರೂ, ಹಿಂಬಾಗಿಲಿನಿಂದ ಸೂತಕ ಒಳಗೆ ಬಂದಿದೆ ಎಂದು ತಿಳಿಯಿರಿ. ‘ಎಲ್ಲರೂ ಸೋಪಿನಿಂದ ಕೈ ತೊಳೆದು ಒಳಗೆ ಬನ್ನಿ’ ಎಂಬುದು ಶುಚಿ. ‘ಅವರು ಹೋದ ಕಕ್ಕಸಿಗೆ ನಾವು ಹೋಗುವುದಿಲ್ಲ’ ಎಂಬುದು ಸೂತಕ, ಬಾಯಲ್ಲಿ ಎಷ್ಟು ಸಲ ಬ್ಯಾಕ್ಟೀರಿಯಾ ಅಂದರೂ.

ಇಷ್ಟಲಿಂಗವನ್ನು ಮೈಮೇಲಿಂದ ಅಗಲಿಸಬಾರದು ಎನ್ನುತ್ತೇವೆ. ಎದೆಯ ಮೇಲಿನ ಲಿಂಗ ನಮ್ಮ ಜೊತೆ ಬಚ್ಚಲಿಗೂ ಬರುತ್ತದೆ, ಕಕ್ಕಸಿಗೂ ಬರುತ್ತದೆ, ಆಸ್ಪತ್ರೆಯ ಮಂಚಕ್ಕೂ ಬರುತ್ತದೆ. ಲಿಂಗಕ್ಕೇ ಇಲ್ಲದ ಮೈಲಿಗೆ ಬಾಗಿಲು ತೊಳೆಯುವವಳಿಗೆ ಎಲ್ಲಿಂದ ಬಂತು? ಹಾಗೆಂದು ಲಿಂಗ ಮೈಮೇಲಿದೆ, ಕ್ರಿಮಿ ನನ್ನನ್ನು ಏನು ಮಾಡೀತು ಎಂದರೂ ತಪ್ಪು. ಅದೇ ಕೈಯಲ್ಲಿ ಲಿಂಗ ಹಿಡಿಯುತ್ತೇವೆ, ಅದೇ ಕೈಯಲ್ಲಿ ಜಂಗಮಕ್ಕೆ ಬಡಿಸುತ್ತೇವೆ. ಕೈ ತೊಳೆಯದೆ ಬಡಿಸಿದರೆ ದಾಸೋಹದಲ್ಲಿ ರೋಗ ಬಡಿಸಿದ ಹಾಗೆ.

ತಾಯಂದಿರೇ, ನಮ್ಮ ವಿಷಯ ಒಂದಿಷ್ಟು ಹೇಳಲೇಬೇಕು. ಮುಟ್ಟಿನ ದಿನಗಳಲ್ಲಿ ಸೂತಕವಿಲ್ಲ ಎಂದು ಶರಣೆಯರು ಹೇಳಿ ಎಂಟುನೂರು ವರ್ಷ ದಾಟಿತು. ಆದರೆ ನಮ್ಮ ಎಷ್ಟು ಭವನಗಳ ಹೆಂಗಸರ ಕಕ್ಕಸಿನಲ್ಲಿ ಮುಚ್ಚಳ ಇರುವ ಒಂದು ಕಸದ ಡಬ್ಬಿ ಇದೆ? ಒಳಗಿನ ಚಿಲಕ ಸರಿಯಾಗಿ ಬೀಳುತ್ತದಾ? ಬಟ್ಟೆ ನೇತುಹಾಕಲು ಒಂದು ಮೊಳೆ? ಇವು ಇಲ್ಲದ ಕಡೆ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಸಂಜೆಯವರೆಗೆ ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಕೊಳಕು ಕಕ್ಕಸಿಗೆ ಹೋಗಿ ಉರಿಮೂತ್ರ ಬಂತು ಎಂದು ಹೇಳುವವರೇ ಹೆಚ್ಚು. ಆದರೆ ಹೆದರಿ ನೀರು ಬಿಟ್ಟು, ಕಟ್ಟಿಕೊಂಡು ಕೂತಿದ್ದರಿಂದ ಸೋಂಕು ಬೆಳೆಯುವುದೂ ಉಂಟು. ಭಯ ಕೂಡ ಒಂದು ರೋಗದ ದಾರಿ.

ಭಯದ ಮಾತು ಬಂದದ್ದರಿಂದ ನನ್ನ ಮನೆಯ ಕಥೆ ಹೇಳುತ್ತೇನೆ. ನನ್ನ ತಂಗಿ ಮದುವೆಯಾಗಿ ಪೇಟೆಯಲ್ಲಿ ವಠಾರದ ಮನೆಗೆ ಹೋದಳು. ನಾಲ್ಕು ಸಂಸಾರಕ್ಕೆ ಒಂದು ಬಚ್ಚಲು. ಮೊದಲು ಮೊದಲು ಬೇರೆಯವರು ಹೋಗಿ ಬಂದ ಮೇಲೆ ಎರಡು ಬಕೆಟ್ ನೀರು ಹುಯ್ಯುತ್ತಿದ್ದಳು. ಆಮೇಲೆ ನಲ್ಲಿ ತೊಳೆದು, ಕೈ ತೊಳೆದು, ಮತ್ತೆ ನಲ್ಲಿ ತೊಳೆದು, ಹೀಗೆ ಗಂಟೆಗಟ್ಟಲೆ. ಕೈ ಬಿರಿದು ರಕ್ತ ಬರುತ್ತಿತ್ತು. ವಠಾರದವರು ಮಡಿವಂತಿಕೆ ಅಂದರು, ಅತ್ತೆ ಜಂಬ ಅಂದರು. ಆರೋಗ್ಯ ಇಲಾಖೆಯಲ್ಲಿದ್ದ ನಾನೇ ಅವಳನ್ನು ಬೈದಿದ್ದೇನೆ. ‘ಅಕ್ಕಾ, ಕೈ ಸ್ವಚ್ಛ ಆಗಿದೆ ಅಂತ ನನಗೂ ಗೊತ್ತು, ಆದರೆ ಮನಸ್ಸು ಬಿಡಲ್ಲ’ ಅಂದಳು. ಆಗ ನನಗೆ ಅರ್ಥವಾಯಿತು. ಇದು ಗೀಳುರೋಗ. ಸೊಕ್ಕಲ್ಲ, ಭಕ್ತಿಯೂ ಅಲ್ಲ. ಮಾತ್ರೆಯಿಂದ, ಆಪ್ತಸಮಾಲೋಚಕರು ಹಂತ ಹಂತವಾಗಿ ಕಲಿಸುವ ಅಭ್ಯಾಸದಿಂದ ಇದು ಹತೋಟಿಗೆ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರೂ ನೋಡುತ್ತಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ತಂಗಿ ಈಗ ಚೆನ್ನಾಗಿದ್ದಾಳೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನಗಬೇಡಿ, ಬೈಯಬೇಡಿ, ಕರೆದುಕೊಂಡು ಹೋಗಿ. ನಾನು ಎರಡು ವರ್ಷ ತಡ ಮಾಡಿದೆ.

ಇನ್ನು ಕೊನೆಯ ಮಾತು, ತೊಳೆಯುವವರ ಬಗ್ಗೆ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಜಂಬೂರಿನ ಶರಣೆ ಸತ್ಯಕ್ಕನ ಕಾಯಕ ಯಾವುದು? ಅಂಗಳ ಗುಡಿಸುವುದು. ಮಡಿವಾಳ ಮಾಚಿದೇವರ ಕಾಯಕ? ಬಟ್ಟೆ ಒಗೆಯುವುದು. ಅವರ ಜಯಂತಿ ಮಾಡುತ್ತೇವೆ, ಫೋಟೋಕ್ಕೆ ಹಾರ ಹಾಕುತ್ತೇವೆ. ಹಾರ ಹಾಕಿದ ಭವನದಲ್ಲೇ ಗುಡಿಸುವವರಿಗೆ ತೋಟ ತೋರಿಸುತ್ತೇವೆ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಮುಂದಾದವರು ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಅದು 1970ರ ದಶಕದ ಮಾತು. ದೇಶಕ್ಕೆಲ್ಲ ಕಾನೂನು ಬಂದದ್ದು 1993ರಲ್ಲಿ, ಅದಕ್ಕಿಂತ ಬಿಗಿಯಾದದ್ದು 2013ರಲ್ಲಿ. ಇವೆರಡರ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಬಸವಣ್ಣನವರ ನಾಡಿನಲ್ಲಿ ಇದು ಆಯಿತು ಎಂಬುದನ್ನು ನಾವು ಮರೆಯಬಾರದು. ಇವತ್ತಿಗೂ ಭವನದ ಪಿಟ್ ತುಂಬಿದಾಗ ‘ಯಾರಾದರೂ ಇಳಿಯೋರು ಸಿಗ್ತಾರಾ’ ಎಂದು ಕೇಳುವವರಿದ್ದಾರೆ. ಆ ಗುಂಡಿಯ ಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತದೆ. ಮನುಷ್ಯರನ್ನು ಇಳಿಸುವುದು ಕಾನೂನಿನಲ್ಲೂ ಅಪರಾಧ. ಸಕ್ಕಿಂಗ್ ಮಷಿನ್ ಕರೆಸಿ.

ನಾವು ಲಕ್ಕವಳ್ಳಿಯಲ್ಲಿ ಕೂತಿದ್ದೇವೆ. ನಮ್ಮ ಅಣೆಕಟ್ಟೆ ತುಂಬಿ 186 ಅಡಿ ಮುಟ್ಟಿದರೆ ಭದ್ರಾವತಿಯಿಂದ ದಾವಣಗೆರೆಯವರೆಗೆ ಜನ ಸಂತೋಷಪಡುತ್ತಾರೆ. ನಾಲೆಯಲ್ಲಿ ಹೋಗುವ ನೀರು ಯಾರ ಜಾತಿಯನ್ನೂ ಕೇಳುವುದಿಲ್ಲ. ಮೇಲಿನೂರಿನ ಬಚ್ಚಲ ನೀರು ಕೆಳಗಿನೂರಿನವರ ಹೊಳೆಗೆ ಸೇರುತ್ತದೆ. ಲೆಕ್ಕ ಹಾಕಿದರೆ ನಾವೆಲ್ಲ ಒಂದೇ ಬಚ್ಚಲನ್ನು ಹಂಚಿಕೊಂಡು ಬದುಕುತ್ತಿರುವವರು. ಅದಕ್ಕೆ ಬೀಗ ಹಾಕುವುದಕ್ಕಾಗುವುದಿಲ್ಲ, ಸ್ವಚ್ಛ ಇಟ್ಟುಕೊಳ್ಳಬಹುದು ಅಷ್ಟೆ.

ಹಾಗಾದರೆ ನಮ್ಮ ಭವನಗಳಲ್ಲಿ, ಮಠದ ಹಾಸ್ಟೆಲುಗಳಲ್ಲಿ ಏನು ಮಾಡೋಣ? ಮೊದಲನೆಯದು, ಪ್ರತಿ ನಲ್ಲಿಯ ಹತ್ತಿರ ಸೋಪು. ಕದ್ದುಕೊಂಡು ಹೋಗುತ್ತಾರೆ ಎನ್ನುವವರು ಹಳೇ ಕಾಲುಚೀಲದಲ್ಲಿ ಹಾಕಿ ಕಟ್ಟಿ. ಎರಡನೆಯದು, ಕೈ ಒರೆಸುವ ಸಾಮೂಹಿಕ ಟವೆಲ್ ಇವತ್ತೇ ತೆಗೆದುಬಿಡಿ. ಮೂರನೆಯದು, ದಿನಕ್ಕೆ ಎರಡು ಸಲ ಸೋಪಿನ ನೀರಿನಲ್ಲಿ ಉಜ್ಜಿ ತೊಳೆದ ಮೇಲೆ ಬ್ಲೀಚಿಂಗ್ ನೀರು. ತಾಜಾ ಪೌಡರ್ ಲೀಟರ್ ನೀರಿಗೆ 30 ಗ್ರಾಂ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ನೆಲದ ಜೊತೆಗೆ ಚಿಲಕ, ನಲ್ಲಿ, ಮಗ್ಗಿನ ಹಿಡಿಯನ್ನೂ ಬ್ಲೀಚಿಂಗ್ ನೀರಿನ ಬಟ್ಟೆಯಿಂದ ಒರೆಸಿ, ಆಮೇಲೆ ನೀರಿನಲ್ಲಿ ತೊಳೆಯಿರಿ. ಬ್ಲೀಚಿಂಗಿಗೆ ಆಸಿಡ್ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ನಾಲ್ಕನೆಯದು, ತೊಳೆಯುವವರಿಗೆ ಗ್ಲೌಸು, ಗಂಬೂಟು, ಹೊತ್ತಿಗೆ ಸರಿಯಾದ ಕೂಲಿ, ಮತ್ತು ಅದೇ ಕಕ್ಕಸು, ಅದೇ ಪಂಕ್ತಿ. ಐದನೆಯದು, ಶಿಬಿರ ನಡೆದಾಗ ಸರದಿ ಹಾಕಿ. ಅಧ್ಯಕ್ಷರ ಹೆಸರೂ ಇರಲಿ, ಕಾರ್ಯದರ್ಶಿಯ ಹೆಸರೂ ಇರಲಿ, ನನ್ನ ಹೆಸರೂ ಬರೆಯಿರಿ. ಪ್ರಸಾದ ಬಡಿಸುವ ಸರದಿಗೆ ಪೈಪೋಟಿ ಇದೆ. ಬಚ್ಚಲು ತೊಳೆಯುವ ಸರದಿಗೂ ಹೆಸರು ಬರಲಿ.

ಆ ಶಿಬಿರದ ಹೆಣ್ಣುಮಗಳನ್ನು ನಾನು ಆಮೇಲೆ ಒಂದು ಸಲ ಸಂತೆಯಲ್ಲಿ ಕಂಡೆ. ‘ಆವತ್ತು ನಾನೂ ಸುಮ್ಮನಿದ್ದೆ ಕಣವ್ವ, ತಪ್ಪಾಯಿತು’ ಅಂದೆ. ಆಕೆ ನಕ್ಕು, ‘ನೀವಾದರೂ ಕೇಳಿದ್ರಲ್ಲ ಬಿಡಿ ಅಕ್ಕಾ’ ಅಂದಳು. ಆ ಮಾತು ಕೇಳಿ ನನಗೆ ಸಮಾಧಾನ ಆಗಲಿಲ್ಲ. ಆವತ್ತೇ ಹೋಗಿ ಆ ಬೀಗ ತೆಗೆಸಬೇಕಿತ್ತು. ನಾನು ತೆಗೆಸಲಿಲ್ಲ. ನಿಮ್ಮ ಊರಿನಲ್ಲಿ ಅಂಥ ಬೀಗ ಕಂಡರೆ, ದಯವಿಟ್ಟು ನೀವು ತೆಗೆಸಿ. ಪಕ್ಕದಲ್ಲಿ ಒಂದು ಸೋಪು ಇಡಿ.